ಮುಚ್ಚುವ ಮೊದಲು ತೋರಿಸುವ ಅಂಗಡಿ: ವಿಜಯಪುರದ ಒಂದು ಮೋಟರ್ ವೈಂಡಿಂಗ್ ಅಂಗಡಿ ಹೇಗಿದೆ?

ಬೋರಿನ ಸುಟ್ಟ ಮೋಟರಿಗೆ ಹೊಸ ತಂತಿ ಕಟ್ಟುವ ಕೆಲಸದಲ್ಲಿ ಮೋಸ ಮಾಡುವುದು ಬಲು ಸುಲಭ. ಒಮ್ಮೆ ಮುಚ್ಚಿದರೆ ಒಳಗೆ ಯಾವ ತಂತಿ ಇದೆ, ಎಷ್ಟು ಸುತ್ತು ಇದೆ ಎಂದು ರೈತನಿಗೆ ಕಾಣುವುದಿಲ್ಲ. ಎರಡು ತಿಂಗಳಿಗೆ ಮತ್ತೆ ಸುಟ್ಟರೆ ‘ಕರೆಂಟ್ ಸರಿ ಇಲ್ರಿ’ ಎಂದು ಕೈ ತೊಳೆದುಕೊಳ್ಳಬಹುದು. ತಿಕೋಟಾ ಕಡೆಯ ದ್ರಾಕ್ಷಿ ತೋಟದವರು, ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರರು ಹತ್ತಿರದ ಅಂಗಡಿ ಬಿಟ್ಟು ಈ ಸಣ್ಣ ಅಂಗಡಿಗೇ ಮೋಟರ್ ಹೇರಿಕೊಂಡು ಬರುತ್ತಾರೆಂದರೆ, ಕಾರಣ ಇಷ್ಟೇ: ಇಲ್ಲಿ ಎಲ್ಲವನ್ನೂ ಅವರ ಕಣ್ಣೆದುರೇ ಮಾಡುತ್ತಾರೆ.

ಮೋಟರ್ ಇಳಿಸಿದ ಕೂಡಲೇ ಹಳೇ ತಂತಿಗೆ ಕತ್ತರಿ ಹಾಕುವುದಿಲ್ಲ. ಮೇಸ್ತ್ರಿ ಸ್ಟೇಟರಿನೊಳಗೆ (ತಂತಿ ಸುತ್ತಿರುವ, ತಿರುಗದ ಹೊರಭಾಗ) ಬ್ಯಾಟರಿ ಬೆಳಕು ಬಿಟ್ಟು, ‘ಬರ್‍ರಿ ಅಣ್ಣಾರ, ಇಲ್ಲಿ ನೋಡ್ರಿ’ ಎಂದು ಸುಟ್ಟ ಜಾಗ ತೋರಿಸುತ್ತಾರೆ. ಮೂರೂ ಫೇಸಿನ ತಂತಿ ಒಂದೇ ಸಮ ಕರಗಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜ್ ಬಿದ್ದಿದೆ. ಒಂದೋ ಎರಡೋ ಫೇಸ್ ಸುಟ್ಟು ಉಳಿದದ್ದು ಹೊಸದರಂತಿದ್ದರೆ ಒಂದು ಫೇಸ್ ಹೋದರೂ ಮೋಟರ್ ಓಡಿದೆ. ಒಳಗೋಡೆಯ ಮೇಲೆ ಹೊಳೆಯುವ ಗೀರು ಇದ್ದರೆ ದಂಡಕ್ಕೆ ಆಧಾರವಾದ ಬುಷ್ ಸವೆದು, ಒಳಗೆ ತಿರುಗುವ ರೋಟರ್ ಉಜ್ಜಿದೆ. ಈ ಕಾರಣ ಹಿಡಿಯದೆ ಕಟ್ಟಿದ ಹೊಸ ವೈಂಡಿಂಗ್ ಅದೇ ಕಾರಣಕ್ಕೆ ಮತ್ತೆ ಸುಡುತ್ತದೆ. ಹತ್ತು ನಿಮಿಷದ ಈ ಕೆಲಸವನ್ನು ಹೆಚ್ಚಿನ ಅಂಗಡಿಗಳು ಮಾಡುವುದೇ ಇಲ್ಲ.

ನಂತರ ಒಂದು ಸ್ಲಾಟಿನ (ತಂತಿ ಕೂರುವ ಸೀಳಿನ) ಸುತ್ತು ಎಣಿಸಿ, ತಂತಿಯ ಮೇಲಿನ ಪ್ಲಾಸ್ಟಿಕ್ ಹೆರೆದು, ಬರಿ ತಾಮ್ರವನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಕಳ್ಳತನ ನಡೆಯುವುದೇ ಇಲ್ಲಿ. 1.2 ಮಿಲಿಮೀಟರ್ ತಂತಿಯ ಜಾಗದಲ್ಲಿ 1.1ರದ್ದು ಹಾಕಿದರೆ ನೋಡಲು ವ್ಯತ್ಯಾಸ ಗೊತ್ತಾಗದು. ಆದರೆ ತಾಮ್ರ 16 ಶೇಕಡಾ ಕಡಿಮೆಯಾಗಿ, ಅಷ್ಟೇ ಕರೆಂಟಿಗೆ ತಂತಿಯಲ್ಲಿ ಸುಮಾರು 19 ಶೇಕಡಾ ಹೆಚ್ಚು ಶಾಖ ಹುಟ್ಟುತ್ತದೆ. ಉಳಿದ ತಾಮ್ರದ ದುಡ್ಡು ಅಂಗಡಿಯವನಿಗೆ, ಮೋಟರ್ ಮತ್ತೆ ಎತ್ತುವ ಖರ್ಚು ರೈತನಿಗೆ. ಇಲ್ಲಿ ಅಳತೆ, ಸುತ್ತು ಎರಡನ್ನೂ ಪುಸ್ತಕದಲ್ಲಿ ಬರೆದು ಮೋಟರ್ ಮಾಲೀಕರ ಸಹಿ ಹಾಕಿಸುತ್ತಾರೆ. ಹಳೇ ತಾಮ್ರ ತೂಗಿ ಕೈಗೆ ಕೊಡುತ್ತಾರೆ, ಬೇಡವೆಂದರೆ ಅದರ ದರ ಬಿಲ್ಲಿನಲ್ಲಿ ಕಳೆಯುತ್ತಾರೆ.

ಕಟ್ಟಿದ ಸ್ಟೇಟರನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಕರೆಂಟ್ ಸೋರುತ್ತಿದೆಯೇ ಎಂದು ನೋಡುವ 500 ವೋಲ್ಟಿನ ಮೆಗ್ಗರ್ ಹಚ್ಚುತ್ತಾರೆ. ತಂತಿ ಎಳೆಯುವಾಗ ಸ್ಲಾಟಿನ ಅಂಚಿಗೆ ತಾಗಿ ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳಿದ್ದರೂ ಇದರಲ್ಲಿ ಸಿಕ್ಕಿಬೀಳುತ್ತದೆ.

ಓಡಿಸಿ ನೋಡುವಾಗ ಮೂರೂ ಫೇಸಿನ ಕರೆಂಟ್ ಅಳೆಯುತ್ತಾರೆ. ಸರಾಸರಿ 10 ಆಂಪಿಯರ್ ಇದ್ದರೆ ಯಾವ ಫೇಸೂ ಅದಕ್ಕಿಂತ ಅರ್ಧ ಆಂಪಿಯರ್‌ಗಿಂತ ಹೆಚ್ಚು ಆಚೀಚೆ ಹೋಗಬಾರದು. ಹೋದರೆ ತಪ್ಪು ಮೋಟರಿನದೋ ಲೈನಿನದೋ ಎಂಬ ಜಗಳಕ್ಕೆ ಇವರ ಹತ್ತಿರ ಒಳ್ಳೆಯ ಉತ್ತರವಿದೆ. ಮೋಟರಿನ ಮೂರು ವೈರುಗಳನ್ನೂ ಒಂದೊಂದು ಲೈನ್ ಮುಂದಕ್ಕೆ ಸರಿಸಿ ಜೋಡಿಸುತ್ತಾರೆ. ಮೋಟರ್ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟ್ ಅದೇ ಲೈನಿನಲ್ಲೇ ಉಳಿದರೆ ತಪ್ಪು ಲೈನಿನದು. ಮೋಟರಿನ ವೈರಿನ ಜೊತೆ ಸರಿದರೆ ತಪ್ಪು ತಮ್ಮದೆಂದು ಒಪ್ಪಿ ಬಿಚ್ಚುತ್ತಾರೆ. ನಂಬಿಕೆ ಹುಟ್ಟುವುದು ಇಂಥ ಕಡೆ.

ಕೊರತೆಗಳೂ ಇವೆ. ಬೇಸಿಗೆಯಲ್ಲಿ ನಾಲ್ಕು ದಿನ ಕಾಯಬೇಕು; ನೀರು ಬೇಕಾದ ಹೊತ್ತಿಗೆ ಅದು ದೊಡ್ಡ ತೊಂದರೆ. ತಂತಿಯ ಲೆಕ್ಕ ಇಷ್ಟು ಚೊಕ್ಕಾಗಿ ಬರೆಯುವವರು ಬುಷ್, ಭಾರ ಹೊರುವ ಥ್ರಸ್ಟ್ ಬೇರಿಂಗಿನ ದರ ಮಾತ್ರ ಬಾಯಲ್ಲೇ ಹೇಳುತ್ತಾರೆ. ಅದನ್ನೂ ಬರೆದುಕೊಡಬೇಕು. ಗ್ಯಾರಂಟಿ ಆರು ತಿಂಗಳು. ಬೋರ್ ಬತ್ತಿ ಒಣ ಓಡಿದ್ದಕ್ಕೆ ಅನ್ವಯಿಸುವುದಿಲ್ಲ ಎಂದು ಮೊದಲೇ ಹೇಳುತ್ತಾರೆ, ಅದು ನ್ಯಾಯ.

ಇನ್ನೊಂದು: ಒಳಗೆ ನೀರು ತುಂಬಿಕೊಂಡೇ ಓಡುವ ಈ ಮೋಟರಿಗೆ ನೀರು ತುಂಬುವುದನ್ನು ಕೇಳಿದರಷ್ಟೇ ಕಲಿಸುತ್ತಾರೆ. ಹೊರಡುವ ಮುನ್ನ ಕೇಳಿಕೊಳ್ಳಿ. ಉಸುಕಿಲ್ಲದ ಚೊಕ್ಕ ನೀರನ್ನು ನಿಧಾನವಾಗಿ ಹಾಕಿ, ಮೋಟರನ್ನು ಅಲುಗಾಡಿಸಿ ಗುಳ್ಳೆ ನಿಲ್ಲುವವರೆಗೂ ಗಾಳಿ ಬಿಡಬೇಕು. ಕಾಲು ತಾಸು ಬಿಟ್ಟು ನೋಡಿದರೆ ಮಟ್ಟ ಇಳಿದಿರುತ್ತದೆ; ಮತ್ತೆ ತುಂಬಿ ಬಿರಡೆ ಬಿಗಿದು, ಆಮೇಲೆ ಬೋರಿಗೆ ಇಳಿಸಿ.