ಎಚ್ಚರಿಕೆ: ಮೀಟರ್ ಸರಿಯಿದ್ದರೂ ಬಿಲ್ ತಪ್ಪಿರಬಹುದು

ನಾಲ್ಕು ತಿಂಗಳು ನಮ್ಮ ಮನೆಯ ಕರೆಂಟ್ ಬಿಲ್ ಎರಡು ಪಟ್ಟಿಗೂ ಜಾಸ್ತಿ ಬಂತು. ದುಡ್ಡು ಹೋಯಿತು, ಸರಿ. ಆದರೆ ಆ ನಾಲ್ಕು ತಿಂಗಳು ಅಮ್ಮನನ್ನು ಬೈದೆನಲ್ಲ, ಅದು ಈಗಲೂ ನೋಯಿಸುತ್ತದೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ. ಇದರಲ್ಲಿ ಬಿಲ್ ವಿಷಯಕ್ಕಿಂತ ದೊಡ್ಡ ಅಪಾಯವೊಂದು ಇದೆ.

ನಮ್ಮದು ತಿಂಗಳಿಗೆ 115ರಿಂದ 120 ಯೂನಿಟ್ ಬಳಸುವ ಮನೆ. ವರ್ಷಗಳಿಂದ ಹಾಗೇ ಇತ್ತು. ಒಂದು ತಿಂಗಳು ಇದ್ದಕ್ಕಿದ್ದಂತೆ 198 ಬಂತು. ಮುಂದಿನ ತಿಂಗಳು 209. ಮನೆಗೆ ಹೊಸ ಸಾಮಾನು ಬಂದಿರಲಿಲ್ಲ, ನೆಂಟರೂ ಬಂದಿರಲಿಲ್ಲ. ಯೂನಿಟ್ ಏರಿದಂತೆ ದರವೂ ಏರುವ ಲೆಕ್ಕ ಇದ್ದರೆ ಏನಾಗುತ್ತದೆ ಗೊತ್ತಲ್ವಾ? ಹೆಚ್ಚಾದ ಯೂನಿಟ್ಟೆಲ್ಲ ಮೇಲಿನ ಸ್ಲ್ಯಾಬ್‌ಗೆ ಬಿತ್ತು.

ಮೊದಲು ಬಿಲ್ ಹಿಡಿದು ಮೀಟರ್ ಮುಂದೆ ನಿಂತೆ. ಬಿಲ್ಲಿನ ಮೇಲಿನ ಮೀಟರ್ ನಂಬರ್ ನಮ್ಮದೇ. ರೀಡಿಂಗ್ ತಾಳೆಯಾಯಿತು. ಹಿಂದಿನ ಬಿಲ್ಲಿನ ಕೊನೆಯ ರೀಡಿಂಗ್‌ನಿಂದಲೇ ಈ ಬಿಲ್ ಶುರುವಾಗಿತ್ತು. 30 ದಿನದ ಬಿಲ್ಲೇ, 40 ದಿನದ್ದಲ್ಲ. ಮನೆಗೆ ಬೀಗ ಹಾಕಿದ್ದಾಗ ಅಂದಾಜಿನ ಮೇಲೆ ಹಾಕುವ ಸರಾಸರಿ ಬಿಲ್ಲೂ ಅಲ್ಲ. ಕೊನೆಯ ಅಂಕಿಯ ಹಿಂದಿನ ಚುಕ್ಕೆಯನ್ನು ಗಮನಿಸದೆ 1234.5 ಅನ್ನು 12345 ಅಂತ ಬರೆದುಕೊಂಡ ಉದಾಹರಣೆಗಳೂ ಇರುತ್ತವೆ, ಅದೂ ಇಲ್ಲಿ ಆಗಿರಲಿಲ್ಲ. ನಿಮಗೆ ಅನುಮಾನ ಬಂದರೆ ಶುರು ಮಾಡಬೇಕಾದದ್ದು ಇಲ್ಲಿಂದಲೇ. ಹೆಚ್ಚಿನ ಗೊಂದಲ ಇಲ್ಲೇ ಬಗೆಹರಿಯುತ್ತದೆ. ನಮ್ಮದು ಬಗೆಹರಿಯಲಿಲ್ಲ.

ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ. ಎಲೆಕ್ಟ್ರಾನಿಕ್ ಮೀಟರ್‌ನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಟುಕಬೇಕು ಅಂತ ಬರೆದಿರುತ್ತದೆ. ನಮ್ಮದರಲ್ಲಿ 3200. ಮೇನ್ ಆಫ್ ಮಾಡಿದ ತಕ್ಷಣ ದೀಪ ನಿಂತಿತು. ಹಾಗಾದರೆ ಮೀಟರ್ ತನ್ನಷ್ಟಕ್ಕೆ ಓಡುತ್ತಿಲ್ಲ, ಮೇನ್‌ಗಿಂತ ಮೊದಲೇ ಯಾರೂ ವೈರ್ ಎಳೆದಿಲ್ಲ, ಖರ್ಚು ಮನೆಯೊಳಗೇ ಆಗುತ್ತಿದೆ. ಹೀಗೆ ತೀರ್ಮಾನ ಮಾಡಿಬಿಟ್ಟೆ. ನಾನು ಎಡವಿದ್ದು ಇಲ್ಲೇ.

ಮನೆಯೊಳಗೆ ಹಗಲಿಡೀ ಇರುವವರು ಅಮ್ಮ ಒಬ್ಬರೇ. "ಗೀಸರ್ ಆರಿಸುವುದನ್ನು ಮರೆಯುತ್ತೀಯ", "ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ" ಅಂತ ದಿನಾ ಶುರು ಮಾಡಿದೆ. ಅವರು ಎದುರು ಮಾತಾಡಲಿಲ್ಲ. ರಾತ್ರಿ ಫ್ಯಾನ್ ಹಾಕಿಕೊಳ್ಳುವುದನ್ನೇ ಬಿಟ್ಟರು. ಆಗ ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. 1000 ವಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. 75 ವಾಟಿನ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ 0.6 ಯೂನಿಟ್. ತಿಂಗಳಿಗೆ 18. ನಮಗೆ ಜಾಸ್ತಿ ಬರುತ್ತಿದ್ದದ್ದು 90ರ ಹತ್ತಿರ. ಅಮ್ಮ ಫ್ಯಾನ್ ಬಿಟ್ಟ ತಿಂಗಳೂ ಬಿಲ್ 204 ಯೂನಿಟ್ ತೋರಿಸಿತು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಅನುಮಾನದಲ್ಲಿರುವವರನ್ನು ಹುಡುಕಿಕೊಂಡು ಬರುವವರೂ ಇರುತ್ತಾರೆ. ಒಬ್ಬರು ಪ್ಲಗ್‌ಗೆ ಸಿಕ್ಕಿಸುವ ಒಂದು ಪೆಟ್ಟಿಗೆ ಕೊಟ್ಟು, ಇದರಿಂದ ಬಿಲ್ ಮೂರನೇ ಒಂದು ಭಾಗ ಇಳಿಯುತ್ತದೆ ಅಂದರು. ನಾನು ಕೊಂಡೆ. ಒಂದು ಯೂನಿಟ್ಟೂ ಇಳಿಯಲಿಲ್ಲ. ಅಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ಮನೆಯ ಯೂನಿಟ್ ಅಂದರೆ ಕಿಲೋವಾಟ್ ಅವರ್, ನಿಜವಾಗಿ ಖರ್ಚಾದ ಶಕ್ತಿ. ಕೆಪಾಸಿಟರ್ ಅದನ್ನು ಇಳಿಸುವುದಿಲ್ಲ. ಇನ್ನೊಬ್ಬರು ಮೀಟರನ್ನೇ "ನಿಧಾನ" ಮಾಡಿಕೊಡುತ್ತೇನೆ ಅಂದರು. ಅವರನ್ನು ಬಾಗಿಲಿನಿಂದಲೇ ಕಳಿಸಿದೆ. ಅದು ಕಳ್ಳತನ, ಸಿಕ್ಕಿಬಿದ್ದರೆ ಕೇಸು ಬೀಳುವುದು ನಿಮ್ಮ ಮೇಲೆ. ಸೀಲ್ ಮುರಿದ ಮೀಟರ್ ಇಟ್ಟುಕೊಂಡು ನೀವು ಆಮೇಲೆ ಯಾವ ದೂರು ಕೊಟ್ಟರೂ ನಿಲ್ಲುವುದಿಲ್ಲ.

ಇದರ ಮಧ್ಯೆ ನಾನು ಎಲೆಕ್ಟ್ರಾನಿಕ್ ಮೀಟರ್‌ಗಳ ಬಗ್ಗೆ ಓದತೊಡಗಿದ್ದೆ. 2017ರಲ್ಲಿ ನೆದರ್ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಒಂಬತ್ತು ಮೀಟರ್‌ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದರು. ಐದು ಮೀಟರ್‌ಗಳು ನಿಜಕ್ಕಿಂತ ತುಂಬಾ ಜಾಸ್ತಿ ತೋರಿಸಿದ್ದವು, ಒಂದು ಸಂದರ್ಭದಲ್ಲಂತೂ ಶೇಕಡಾ 582ರವರೆಗೆ. ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಜೊತೆ ವಿದ್ಯುತ್ ಉಳಿಸುವ ಬಲ್ಬುಗಳನ್ನು ಜೋಡಿಸಿದಾಗ ಬಂದ ಫಲಿತಾಂಶ ಅದು. ನಮ್ಮ ಮನೆಯಲ್ಲಿ ಡಿಮ್ಮರೇ ಇಲ್ಲ. ಆದರೂ ಮೀಟರ್ ಕೆಟ್ಟಿದೆ ಅಂತ ಗಟ್ಟಿಯಾಗಿ ನಂಬಿಕೊಂಡು, ಕಚೇರಿಗೆ ಹೋಗಿ ಪರೀಕ್ಷೆಯ ಶುಲ್ಕ ಕಟ್ಟಿ ಬಂದೆ. ಅವರು ನಮ್ಮ ಮೀಟರ್ ಜೊತೆ ಇನ್ನೊಂದು ಚೆಕ್ ಮೀಟರ್ ಜೋಡಿಸಿ ಒಂದು ವಾರ ಬಿಟ್ಟರು. ಎರಡೂ ಒಂದೇ ಲೆಕ್ಕ ತೋರಿಸಿದವು. "ಮೀಟರ್ ಸರಿ ಇದೆ. ನೀವು ಬಳಸಿದ್ದಕ್ಕೇ ಬಿಲ್ ಬಂದಿದೆ" ಅಂತ ಬರೆದುಕೊಟ್ಟರು. ನಮ್ಮ ಮೀಟರ್ ಮೇಲೆ ಉರಿಯುತ್ತಿದ್ದ ಇನ್ನೊಂದು ದೀಪವನ್ನು ನಾನೂ ನೋಡಲಿಲ್ಲ, ಅವರೂ ನೋಡಲಿಲ್ಲ.

ದಾರಿ ಸಿಕ್ಕಿದ್ದು ಮೇಲಿನ ಮನೆಯವರಿಂದ. ಒಂದು ಬೆಳಿಗ್ಗೆ ಟ್ಯೂಬ್‌ಲೈಟ್ ಹೋಲ್ಡರ್ ಬದಲಿಸಲು ನಾನು ಮೇನ್ ಆಫ್ ಮಾಡಿದ್ದೆ. ಮೇಲಿನ ಮನೆಯವರು ಇಳಿದು ಬಂದರು. "ಅಕ್ಕಾ, ನಿಮ್ಮ ಮನೇಲೂ ಕರೆಂಟ್ ಇಲ್ವಾ? ನಮ್ಮಲ್ಲಿ ಲೈಟ್ ಎಲ್ಲ ಇದೆ, ಗೀಸರ್ ಮಾತ್ರ ಆನ್ ಆಗ್ತಿಲ್ಲ" ಅಂದರು. ನಾನು ಮೇನ್ ಹಾಕಿದೆ. ಅವರ ಗೀಸರ್ ಆನ್ ಆಯಿತು. ಇನ್ನೊಮ್ಮೆ ಆರಿಸಿದೆ. ಅದೂ ಆರಿತು. ಅವರ ಮನೆಗೆ ಬೇರೆ ಮೀಟರ್, ಬೇರೆ ಮೇನ್ ಇದೆ. ಇಬ್ಬರೂ ಮೆಟ್ಟಿಲ ಹತ್ತಿರ ಮುಖ ಮುಖ ನೋಡಿಕೊಂಡು ನಿಂತೆವು.

ಮಾರನೇ ದಿನ ಅವರ ಸ್ನಾನದ ಹೊತ್ತಿಗೆ ಸರಿಯಾಗಿ ನೋಡಿದೆ. ಈ ಸಲ ಮೇನ್ ಸ್ವಿಚ್ ಆನ್ ಇಟ್ಟೆ. ಒಳಗಿನ ಸಣ್ಣ ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿಗೆ ಇರುವ ಸ್ವಿಚ್ಚುಗಳನ್ನು, ಒಂದೂ ಬಿಡದೆ ಆರಿಸಿದೆ. ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿಲ್ಲ, ಫ್ರಿಜ್ ಕೂಡ ನಿಂತಿದೆ. ಆದರೆ ಮೀಟರ್ ದೀಪ ಒಂದೇ ಸಮ ಮಿಟುಕುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 105. ಗಂಟೆಗೆ 6300. ಅದನ್ನು 3200ರಿಂದ ಭಾಗಿಸಿದರೆ ಗಂಟೆಗೆ 1.97 ಯೂನಿಟ್. ಅಂದರೆ ಸುಮಾರು 2000 ವಾಟಿನ ಗೀಸರ್! ದಿನಕ್ಕೆ ಒಂದೂವರೆ ಗಂಟೆ ಹಾಕಿದರೆ ಮೂರು ಯೂನಿಟ್, ತಿಂಗಳಿಗೆ 90. ನಾಲ್ಕು ತಿಂಗಳಿಂದ ಹುಡುಕುತ್ತಿದ್ದ 90 ಯೂನಿಟ್ ಅಲ್ಲಿತ್ತು. ಅದೇ ಹೊತ್ತಿಗೆ ಇಎಲ್ ಅಂತ ಬರೆದಿದ್ದ ಇನ್ನೊಂದು ದೀಪವೂ ಉರಿಯುತ್ತಿತ್ತು. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಒಂದೇ ಇಲ್ಲದಿದ್ದಾಗ ಉರಿಯುವ ದೀಪ ಅದು.

ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಇಕ್ಕಳದಂತೆ ವೈರ್ ಹಿಡಿಯುವ ಕ್ಲ್ಯಾಂಪ್ ಮೀಟರ್ ತಂದಿದ್ದರು. ಮನೆಗೆ ಕರೆಂಟ್ ತರುವ ನಮ್ಮ ಫೇಸ್ ವೈರ್‌ನಲ್ಲಿ ಸೊನ್ನೆ. ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ವೈರ್‌ನಲ್ಲಿ ಎಂಟೂವರೆ ಆಂಪಿಯರ್. ವಿಷಯ ಇಷ್ಟು. ನಾಲ್ಕು ತಿಂಗಳ ಹಿಂದೆ ಮೇಲಿನ ಮನೆಯಲ್ಲಿ ಬಚ್ಚಲುಮನೆಯ ವೈರಿಂಗ್ ಹೊಸದಾಗಿ ಮಾಡಿಸಿದ್ದರು. ಕೆಲಸ ಮಾಡಿದವರು ಗೀಸರ್‌ಗೆ ಫೇಸನ್ನು ಅವರ ಮನೆಯಿಂದಲೇ ಕೊಟ್ಟಿದ್ದರು. ನ್ಯೂಟ್ರಲ್ ಮಾತ್ರ ಹತ್ತಿರದಲ್ಲಿ ಸಿಕ್ಕಿದ ನಮ್ಮ ಮನೆಯ ಲೈನಿಗೆ ಸೇರಿಸಿಬಿಟ್ಟಿದ್ದರು. ಕರೆಂಟ್ ಅವರ ಮೀಟರ್ ಮೂಲಕ ಹೋಗಿ, ಗೀಸರ್ ಕಾಯಿಸಿ, ನಮ್ಮ ಮೀಟರ್ ಮೂಲಕ ವಾಪಸ್ ಬರುತ್ತಿತ್ತು. ನಮ್ಮಲ್ಲಿದ್ದಂಥ ಮೀಟರ್‌ಗಳು ಎರಡೂ ವೈರ್‌ಗಳ ಕರೆಂಟ್ ಅಳೆದು, ಯಾವುದು ಜಾಸ್ತಿಯೋ ಅದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಕರೆಂಟ್ ಕಳ್ಳತನ ತಡೆಯಲು ಮಾಡಿದ ವ್ಯವಸ್ಥೆ ಅದು. ಹೀಗಾಗಿ ಒಂದೇ ಗೀಸರ್‌ಗೆ ಎರಡು ಮನೆಯವರೂ ಪೂರ್ತಿ ದುಡ್ಡು ಕಟ್ಟುತ್ತಿದ್ದೆವು. ಮೇಲಿನವರು ನಮ್ಮದೇನನ್ನೂ ಕದ್ದಿರಲಿಲ್ಲ. ನಿಮಗೂ ಹೀಗಾದರೆ ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೆನಪಿಡಿ, ದಯವಿಟ್ಟು.

ಮೊದಲ ಪರೀಕ್ಷೆ ನನ್ನನ್ನು ದಾರಿ ತಪ್ಪಿಸಿದ್ದು ಯಾಕೆ ಅಂತಲೂ ಆಗ ತಿಳಿಯಿತು. ನಮ್ಮ ಮೇನ್ ಸ್ವಿಚ್ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕತ್ತರಿಸುತ್ತದೆ. ಅದನ್ನು ಆರಿಸಿದರೆ ಗೀಸರ್‌ನ ವಾಪಸ್ ದಾರಿಯೂ ಮುಚ್ಚುತ್ತದೆ, ಮೀಟರ್ ದೀಪ ನಿಲ್ಲುತ್ತದೆ. ಒಳಗಿನ ಎಂಸಿಬಿಗಳು ಫೇಸನ್ನು ಮಾತ್ರ ಕತ್ತರಿಸುತ್ತವೆ, ನ್ಯೂಟ್ರಲ್ ದಾರಿ ತೆರೆದೇ ಇರುತ್ತದೆ. ಅದಕ್ಕೇ ಎರಡೂ ಪರೀಕ್ಷೆ ಮಾಡಬೇಕು. ಒಮ್ಮೆ ಮೇನ್ ಆರಿಸಿ ನೋಡಿ. ಇನ್ನೊಮ್ಮೆ ಮೇನ್ ಇಟ್ಟು ಉಳಿದದ್ದೆಲ್ಲ ಆರಿಸಿ ನೋಡಿ. ಅದನ್ನೂ ಒಂದೇ ಹೊತ್ತಿಗೆ ನೋಡಿ ಬಿಡಬೇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ನಾನು ಮಧ್ಯಾಹ್ನ ನೋಡಿದ್ದರೆ ಏನೂ ಸಿಗುತ್ತಿರಲಿಲ್ಲ.

ಈಗ ಅಪಾಯದ ಮಾತು. ಮೇನ್ ಆರಿಸಿ ನಾನು ಟ್ಯೂಬ್‌ಲೈಟ್ ಹೋಲ್ಡರ್ ಬಿಚ್ಚಿದೆ ಅಂದೆನಲ್ಲ, ಆಗ ಮೇಲಿನ ಮನೆಯ ಗೀಸರ್ ಸ್ವಿಚ್ ಆನ್ ಇತ್ತು. ನಮ್ಮ ಮೇನ್ ಆಫ್ ಆಗಿದ್ದರಿಂದ ಅವರ ಫೇಸ್ ಗೀಸರ್ ಕಾಯಿಲ್ ದಾಟಿ ನಮ್ಮ ನ್ಯೂಟ್ರಲ್ ವೈರಿಗೆ ಬಂದು ಕಾಯುತ್ತಿತ್ತು. ಇಡೀ ಮನೆಯ ನ್ಯೂಟ್ರಲ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್! ಮೇನ್ ಆಫ್ ಇದೆ ಅನ್ನುವ ಧೈರ್ಯದಲ್ಲಿ ನಾನು ಬರಿಗೈಯಲ್ಲಿ ವೈರ್ ಮುಟ್ಟಲು ಹೊರಟಿದ್ದೆ. ಅವರು ಬಂದು ಕರೆದದ್ದರಿಂದ ಉಳಿದೆ. ಎಲೆಕ್ಟ್ರಿಷಿಯನ್ ಇದನ್ನು ಬಿಡಿಸಿ ಹೇಳಿದಾಗ ಕೈಕಾಲು ತಣ್ಣಗಾಯಿತು.

ಎರಡು ಮನೆಗಳಲ್ಲಿ ಒಂದರಲ್ಲಾದರೂ ಆರ್‌ಸಿಸಿಬಿ ಅನ್ನುವ ರಕ್ಷಣೆಯ ಸ್ವಿಚ್ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸವಾದರೆ ಸಾಕು, ಅದು ಟ್ರಿಪ್ ಆಗುತ್ತದೆ, ಅಂದರೆ ತಾನಾಗೇ ಆಫ್ ಆಗುತ್ತದೆ. ಇಲ್ಲಿ ವ್ಯತ್ಯಾಸ ಎಂಟೂವರೆ ಆಂಪಿಯರ್. ಎರಡೂ ಮನೆಗೆ ಈಗ ಹಾಕಿಸಿದ್ದೇವೆ. ಅದು ಪದೇ ಪದೇ ಬೀಳುತ್ತದೆ ಅಂತ ಕೆಲವರು ತೆಗೆಸಿಬಿಡುತ್ತಾರೆ. ತೆಗೆಸಬೇಡಿ, ಯಾಕೆ ಬೀಳುತ್ತಿದೆ ಅಂತ ಹುಡುಕಿಸಿ.

ಇಎಲ್ ದೀಪ ಉರಿದರೆ ನಮ್ಮ ಮನೆಯಲ್ಲಿದ್ದ ಕಾರಣವೇ ಇರಬೇಕು ಅಂತಿಲ್ಲ. ಕೆಟ್ಟ ಗೀಸರ್ ಕಾಯಿಲ್, ನೀರು ಹೊಕ್ಕ ಪಂಪ್ ಕೇಬಲ್, ಅರ್ಥಿಂಗ್ ಮತ್ತು ನ್ಯೂಟ್ರಲ್ ಒಳಗೆಲ್ಲೋ ತಾಗಿರುವುದು, ಏನೂ ಇರಬಹುದು. ಒಂದೊಂದೇ ಎಂಸಿಬಿ ಹಾಕುತ್ತಾ ಹೋದರೆ ಎಷ್ಟೋ ಸಲ ಯಾವ ಲೈನ್ ಅಂತ ಗೊತ್ತಾಗುತ್ತದೆ. ನೀವು ಅಷ್ಟು ಮಾತ್ರ ಮಾಡಿ. ಪೆಟ್ಟಿಗೆ ಬಿಚ್ಚಬೇಡಿ, ವೈರ್ ಮುಟ್ಟಬೇಡಿ. ಕ್ಲ್ಯಾಂಪ್ ಮೀಟರ್ ಇರುವ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಟೆಸ್ಟರ್ ಒಂದನ್ನೇ ಹಿಡಿದು ಬರುವವರಿಗೆ ಇದು ಸಿಗುವುದು ಕಷ್ಟ.

ದುರಸ್ತಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ವೈರ್ ಇಲ್ಲಿಂದ ಬಿಚ್ಚಿ ಅಲ್ಲಿಗೆ ಸೇರಿಸಿದರು, ಅಷ್ಟೇ. ಮುಂದಿನ ಬಿಲ್ 119 ಯೂನಿಟ್.

ಹೆಚ್ಚು ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಮೀಟರ್ ಆಚೆಗಿನ ವೈರಿಂಗ್ ಮನೆಯವರ ಹೊಣೆ ಅಂದರು ಕಚೇರಿಯಲ್ಲಿ. ಎಲೆಕ್ಟ್ರಿಷಿಯನ್ ಬರೆದುಕೊಟ್ಟ ವರದಿ, ಮೀಟರ್ ದೀಪ ಮಿಟುಕುವ ವಿಡಿಯೋ, ಎರಡೂ ಮನೆಯ ಬಿಲ್ಲುಗಳನ್ನು ಸೇರಿಸಿ ಮೇಲಿನ ಅಧಿಕಾರಿಗೆ ಮತ್ತೆ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬಂದಿದ್ದೇನೆ. ಬಾಯಿಮಾತಿನ ದೂರು ಎಲ್ಲೂ ದಾಖಲಾಗುವುದಿಲ್ಲ. ಮೊದಲ ತಿಂಗಳಿಂದಲೇ ಮೀಟರ್ ಫೋಟೋ ತೆಗೆದಿಟ್ಟಿದ್ದರೆ ಅರ್ಜಿ ಇನ್ನೂ ಗಟ್ಟಿಯಾಗುತ್ತಿತ್ತು. ಈಗ ಪ್ರತಿ ಭಾನುವಾರ ಬೆಳಿಗ್ಗೆ ರೀಡಿಂಗ್ ಬರೆದಿಡುವುದು ಅಮ್ಮನ ಕೆಲಸ. ಹೋದ ವಾರದ್ದು 27 ಯೂನಿಟ್, ರಾತ್ರಿಯಿಡೀ ತಿರುಗಿದ ಅವರ ಫ್ಯಾನೂ ಸೇರಿ.