ಊರಿನ ಹಿರಿಯರ ಕಂಪ್ಯೂಟರ್‌ಗೆ ದೂರದಿಂದ ನೆರವು: ‘ಕ್ವಿಕ್ ಅಸಿಸ್ಟ್’ ಬಳಸಿ ನೋಡಿದಾಗ

ವಿಂಡೋಸ್ 10 ಮತ್ತು 11ರಲ್ಲಿ ಹಣ ಕೊಡದೆ ಸಿಗುವ, ಇನ್ನೊಬ್ಬರ ಪರದೆಯನ್ನು ದೂರದಿಂದಲೇ ನೋಡಿ ನೆರವಾಗಲು ಬರುವ ‘ಕ್ವಿಕ್ ಅಸಿಸ್ಟ್’ ಎಂಬ ತಂತ್ರಾಂಶವನ್ನು, ಬೇರೆ ಊರಿನಲ್ಲಿರುವ ವಯಸ್ಸಾದ ಬಂಧುಗಳ ಕಂಪ್ಯೂಟರ್ ನೋಡಿಕೊಳ್ಳಬೇಕಾದವರು ಬೇರೆಲ್ಲವುಗಳಿಗಿಂತ ಮೊದಲು ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಕಾಕಾ ಮತ್ತು ಕಾಕು ಕಲಬುರಗಿಯ ಸೇಡಂ ರಸ್ತೆಯ ಕಡೆಗಿನ ಬಡಾವಣೆಯಲ್ಲಿದ್ದಾರೆ, ನಾನು ಪುಣೆಯಲ್ಲಿದ್ದೇನೆ. ಪ್ರಿಂಟರ್ ನಿಂತಿತೆಂದು, ಬ್ಯಾಂಕಿನ ಪಾಸ್‌ವರ್ಡ್ ಮರೆತಿತೆಂದು ಪ್ರತಿ ಸಲವೂ ಸೊಲ್ಲಾಪುರದ ಮೇಲೆ ಹಾದು ಬರುವ ರೈಲು ಹತ್ತಲು ಸಾಧ್ಯವಿಲ್ಲದ್ದರಿಂದ, ಹಣ ಪಡೆಯುವ ಸೇವೆಯಿಂದ ಹಿಡಿದು ಉಚಿತ ತಂತ್ರಾಂಶಗಳವರೆಗೆ ಹಲವನ್ನು ಬಳಸಿ ನೋಡಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಮೊದಲು ಹಣ ಪಡೆಯುವ ಸೇವೆಯ ವಿಷಯ. ಕಾಕಾ ತಮ್ಮ ಪ್ರಿಂಟರ್ ಕಂಪನಿಯ ಸಹಾಯವಾಣಿಯನ್ನು ಗೂಗಲ್‌ನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ಸಂಖ್ಯೆಗೆ ಫೋನ್ ಮಾಡಿದ್ದರು. ಆ ಸಂಖ್ಯೆ ಪ್ರಿಂಟರ್ ಕಂಪನಿಯದಾಗಿರದೆ, ಜಾಹೀರಾತು ಕೊಟ್ಟಿದ್ದ ಬೇರೊಂದು ಸಂಸ್ಥೆಯದಾಗಿತ್ತು. ಆ ಕಡೆಯ ವ್ಯಕ್ತಿ ಬಹಳ ವಿನಯದಿಂದ ಮಾತನಾಡಿ, ದೂರದಿಂದ ಪರದೆ ನೋಡುವ ತಂತ್ರಾಂಶವೊಂದನ್ನು ಹಾಕಿಸಿಕೊಂಡು, ವಿಂಡೋಸ್‌ನ ‘ಈವೆಂಟ್ ವ್ಯೂವರ್’ ತೆರೆದು, ಅಲ್ಲಿ ಸಾಲಾಗಿ ನಿಂತಿದ್ದ ಕೆಂಪು ಮತ್ತು ಹಳದಿ ಗುರುತುಗಳನ್ನು ತೋರಿಸಿ, ಇವೆಲ್ಲವೂ ವೈರಸ್ ಎಂದು ಹೇಳಿ, ವರ್ಷದ ಒಪ್ಪಂದಕ್ಕೆ ಹಣ ಕಟ್ಟಬೇಕೆಂದು ಒತ್ತಾಯಿಸಿದ. ಓದುಗರು ತಮ್ಮ ಕಂಪ್ಯೂಟರ್‌ನಲ್ಲಿ ಅದನ್ನೇ ಒಮ್ಮೆ ತೆರೆದು ನೋಡಬಹುದು. ಯಾವುದೋ ಸೇವೆ ತಡವಾಗಿ ಶುರುವಾಯಿತು, ಯಾವುದೋ ಡ್ರೈವರ್ ಉತ್ತರ ಕೊಡಲಿಲ್ಲ ಎಂಬಂತಹ ದಾಖಲೆಗಳು ಸಂಪೂರ್ಣ ಸರಿಯಾಗಿರುವ ಯಂತ್ರದಲ್ಲಿಯೂ ರಾಶಿ ಬಿದ್ದಿರುತ್ತವೆ, ಅವಕ್ಕೂ ವೈರಸ್‌ಗೂ ಸಂಬಂಧವಿಲ್ಲ. ಮನೆಯಲ್ಲಿ ಕಾಕು ಇದ್ದದ್ದರಿಂದ, “ಹುಡುಗನ್ನ ಕೇಳಿ ಆಮ್ಯಾಲ ರೊಕ್ಕಾ ಕೊಡೂಣು” ಎಂದು ಅವರು ಫೋನ್ ಇಡಿಸಿದರು. ಇಂತಹ ವ್ಯವಹಾರದಲ್ಲಿ ಹಣ ಹೋಗಿಬಿಟ್ಟರೆ ಮೊದಲು ಕರೆ ಮಾಡಬೇಕಾದದ್ದು 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ. ತಡಮಾಡಿದಷ್ಟೂ ಹಣ ತಡೆಹಿಡಿಯುವ ಅವಕಾಶ ಕಡಿಮೆಯಾಗುತ್ತದೆ.

ಕ್ವಿಕ್ ಅಸಿಸ್ಟ್ ಕೆಲಸ ಮಾಡುವ ಬಗೆ ಹೀಗಿದೆ. ಕಂಟ್ರೋಲ್, ವಿಂಡೋಸ್ ಮತ್ತು ಕ್ಯೂ, ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ನೆರವು ನೀಡುವವರಿಗೆ ಮೈಕ್ರೋಸಾಫ್ಟ್ ಖಾತೆ ಇರಬೇಕು, ಪಡೆಯುವವರಿಗೆ ಯಾವ ಖಾತೆಯೂ ಬೇಡ, ಮತ್ತು ಹಿರಿಯರ ಮಟ್ಟಿಗೆ ಇದೇ ದೊಡ್ಡ ಅನುಕೂಲ. ನನ್ನ ಕಡೆ ಒಂದು ಚಿಕ್ಕ ಸಂಕೇತ ಬರುತ್ತದೆ, ಅದನ್ನು ನಾನು ಫೋನಿನಲ್ಲಿ ಓದುತ್ತೇನೆ, ಕಾಕಾ ಅದನ್ನು ತಮ್ಮ ಪರದೆಯಲ್ಲಿ ತುಂಬುತ್ತಾರೆ. ಆ ಸಂಕೇತ 10 ನಿಮಿಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಪರದೆ ತೋರಿಸಲು ಅವರು ಒಮ್ಮೆ ಒಪ್ಪಬೇಕು, ಮೌಸ್ ಮತ್ತು ಕೀಲಿಮಣೆಯ ಹಿಡಿತವನ್ನು ನಾನು ಕೇಳಿದಾಗ ಮತ್ತೊಮ್ಮೆ ಒಪ್ಪಬೇಕು. ಕೆಲಸ ಮುಗಿಸಿ ಕಿಟಕಿ ಮುಚ್ಚಿದರೆ ಸಂಪರ್ಕವೂ ಅಲ್ಲಿಗೇ ಮುಗಿಯಿತು. ನಾಳೆ ಮತ್ತೆ ಬರಬೇಕೆಂದರೆ ಮತ್ತೆ ಫೋನ್, ಮತ್ತೆ ಸಂಕೇತ, ಮತ್ತೆ ಒಪ್ಪಿಗೆ.

ಇದು ರೇಜಿಗೆಯ ಕೆಲಸವೆಂದು ತಾಂತ್ರಿಕ ತಿಳಿವಳಿಕೆಯುಳ್ಳ ಗೆಳೆಯರು ಹೇಳುತ್ತಾರೆ. ಅವರ ಪ್ರಕಾರ ಎನಿಡೆಸ್ಕ್ ಅಥವಾ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಎಂಬ, ದೂರದಿಂದ ಯಂತ್ರ ನಡೆಸುವ ಬೇರೆ ತಂತ್ರಾಂಶ ಹಾಕಿ, ಶಾಶ್ವತ ಪಾಸ್‌ವರ್ಡ್ ಅಥವಾ ಪಿನ್ ಇಟ್ಟುಬಿಟ್ಟರೆ, ಕಾಕಾ ಮಲಗಿದ್ದಾಗಲೂ ನಾನು ಯಂತ್ರವನ್ನು ಸರಿಪಡಿಸಬಹುದು. ಅದು ನಿಜವೇ. ಆದರೆ ಹಾಗೆ ಮಾಡುವುದೆಂದರೆ ಮನೆಯ ಕೀಲಿಕೈಯನ್ನು ಬಾಗಿಲ ಹೊರಗೆ ಮೊಳೆಗೆ ನೇತುಹಾಕಿದಂತೆ. ಎನಿಡೆಸ್ಕ್ ಕೆಟ್ಟ ತಂತ್ರಾಂಶವೆಂದು ನಾನು ಹೇಳುತ್ತಿಲ್ಲ, ಕಚೇರಿಗಳಲ್ಲಿ ಅದನ್ನು ದಿನವೂ ಬಳಸುತ್ತಾರೆ. ಆದರೆ ಮೊಬೈಲಿನಲ್ಲಿ ಅದನ್ನು ಹಾಕಿಸಿ ಯುಪಿಐ ಮೂಲಕ ಹಣ ಎಗರಿಸುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಕ್ವಿಕ್ ಅಸಿಸ್ಟ್ ಕೂಡ ಇದರಿಂದ ಹೊರತಲ್ಲ. ವಂಚಕರ ಗುಂಪೊಂದು ಸಹಾಯಕ ಸಿಬ್ಬಂದಿಯ ಸೋಗಿನಲ್ಲಿ ಫೋನ್ ಮಾಡಿ ಇದನ್ನೇ ಬಳಸಿ ಯಂತ್ರಗಳೊಳಗೆ ನುಗ್ಗುತ್ತಿದೆ ಎಂದು 2024ರ ಮೇ ತಿಂಗಳಲ್ಲಿ ಸ್ವತಃ ಮೈಕ್ರೋಸಾಫ್ಟ್ ಪ್ರಕಟಿಸಿತು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ: ಯಂತ್ರ ಕೆಟ್ಟಾಗ ಫೋನ್ ಕಾಕಾರಿಂದಲೇ ಬರಬೇಕು. ಬ್ಯಾಂಕಿನವರೆಂದೋ, ಪಿಂಚಣಿ ಕಚೇರಿಯವರೆಂದೋ, ನವೆಂಬರ್ ಬಂದಾಗ ಜೀವನ ಪ್ರಮಾಣಪತ್ರ ಮಾಡಿಕೊಡುತ್ತೇವೆಂದೋ ಯಾರಾದರೂ ತಾವಾಗಿ ಕರೆ ಮಾಡಿ ಪರದೆ ತೋರಿಸಲು ಹೇಳಿದರೆ ಫೋನ್ ಇಡಬೇಕು. ಈ ಕಟ್ಟಳೆ ನನಗೂ ಅನ್ವಯಿಸುತ್ತದೆ, ನಾನಾಗಿ ಫೋನ್ ಮಾಡಿ ಸಂಕೇತ ತುಂಬಿರಿ ಎಂದು ಎಂದೂ ಹೇಳುವುದಿಲ್ಲ.

ಕ್ವಿಕ್ ಅಸಿಸ್ಟ್‌ನ ನಿಜವಾದ ಬೆಲೆ ನನಗೆ ತಿಳಿದದ್ದು ಕನ್ನಡ ಬೆರಳಚ್ಚಿನ ತಂತ್ರಾಂಶವಾದ ‘ನುಡಿ’ಯ ಕಡತವೊಂದರಿಂದ. ಕಾಕಾ ನಿವೃತ್ತ ಶಿಕ್ಷಕರು, ಸಂಘದ ಪತ್ರವ್ಯವಹಾರವನ್ನೆಲ್ಲ ನುಡಿಯ ಹಳೆಯ ಫಾಂಟ್‌ನಲ್ಲಿ ಬೆರಳಚ್ಚು ಮಾಡುತ್ತಾರೆ. ಅವರು ಕಳುಹಿಸಿದ ಕಡತ ಆ ಫಾಂಟ್ ಇಲ್ಲದ ನನ್ನ ಯಂತ್ರದಲ್ಲಿ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂದಲವಾಗಿ ತೆರೆಯುತ್ತಿತ್ತು, ಸಂಘದ ಇತರ ಸದಸ್ಯರಿಗೂ ಅದೇ ಗತಿ. ಫೋನಿನಲ್ಲಿ ಎಷ್ಟು ಕೇಳಿದರೂ “ನನಗ ಸರಿ ಕಾಣ್ತದ ತಮ್ಮಾ” ಎಂಬ ಉತ್ತರವೇ ಬರುತ್ತಿತ್ತು, ಮತ್ತು ಅವರ ಮಾತು ಸರಿಯಾಗಿಯೇ ಇತ್ತು. ಅವರ ಪರದೆಯನ್ನೇ ನೋಡಿದಾಗ ಕಡತ ಚೆನ್ನಾಗಿ ಕಾಣಿಸಿತು. ನುಡಿಯೊಂದಿಗೇ ಬರುವ ಪರಿವರ್ತಕದಿಂದ ಅದನ್ನು, ಆ ಫಾಂಟ್ ಇಲ್ಲದ ಯಂತ್ರದಲ್ಲಿಯೂ ಓದಲು ಬರುವ ಯೂನಿಕೋಡ್ ಎಂಬ ಅಕ್ಷರ ವ್ಯವಸ್ಥೆಗೆ ಬದಲಿಸುವುದನ್ನು ಅವರ ಕಣ್ಣೆದುರೇ ನಿಧಾನವಾಗಿ ಮಾಡಿ ತೋರಿಸಿದೆ. ಈಗ ಅದನ್ನು ಅವರೇ ಮಾಡುತ್ತಾರೆ. ಪರದೆಯ ಮೇಲೆ ಗೆರೆ ಎಳೆದು, ಗುಂಡಿ ಎಲ್ಲಿದೆಯೆಂದು ಸುತ್ತುಹಾಕಿ ತೋರಿಸುವ ಸೌಲಭ್ಯ ಇಂತಹ ಪಾಠಕ್ಕೆ ಬಹಳ ಒದಗಿಬರುತ್ತದೆ.

ಕೊರತೆಗಳೂ ಇವೆ. ಹೊಸ ತಂತ್ರಾಂಶ ಹಾಕುವಾಗ ವಿಂಡೋಸ್ ಅನುಮತಿ ಕೇಳುವ ಘಳಿಗೆಯಲ್ಲಿ ನನ್ನ ಕಡೆ ಪರದೆ ಮರೆಯಾಗುತ್ತದೆ, ಅಲ್ಲಿ ಏನು ಬಂದಿದೆಯೆಂದು ಕಾಕಾ ಓದಿ ಹೇಳಿ, ಅವರೇ ಗುಂಡಿ ಒತ್ತಬೇಕು. “ಕಾಕಾ, ಈಗ ಎಸ್ ಅಂತ ಬಂದದಲ್ರಿ, ಅದ್ರ ಮ್ಯಾಲ ಒತ್ರಿ” ಎಂದು ಹೇಳಿ ಕಾಯುವುದು ತಾಳ್ಮೆಯ ಕೆಲಸ. ಕಾವಲಿನ ದೃಷ್ಟಿಯಿಂದ ಇದು ಒಳ್ಳೆಯದೇ ಎಂದು ನಾನು ಒಪ್ಪುತ್ತೇನೆ, ಆದರೂ ಕಣ್ಣಿನ ಪೊರೆ ಇರುವವರಿಗೆ ಅದು ಕಷ್ಟ. ಎರಡನೆಯದಾಗಿ, ಹಿರಿಯರ ಬಹುಪಾಲು ತಾಪತ್ರಯಗಳು ಇಂದು ಮೊಬೈಲಿನಲ್ಲಿವೆ, ಕಾಕುವಿನ ಆಂಡ್ರಾಯ್ಡ್ ಫೋನಿನ ಪರದೆಯನ್ನು ಕ್ವಿಕ್ ಅಸಿಸ್ಟ್ ತೋರಿಸಲಾರದು. ಅದಕ್ಕೆ ನಾವು ವಾಟ್ಸ್ಆ್ಯಪ್ ವಿಡಿಯೋ ಕರೆಯಲ್ಲಿ 2023ರಿಂದ ಇರುವ ಪರದೆ ಹಂಚಿಕೊಳ್ಳುವ ಸೌಲಭ್ಯ ಬಳಸುತ್ತೇವೆ. ಅದರಲ್ಲಿ ನೋಡಬಹುದೇ ಹೊರತು ಮುಟ್ಟಲಾಗುವುದಿಲ್ಲ. ಆ ಹೊತ್ತಿನಲ್ಲಿ ಬಂದ ಒಟಿಪಿಯೂ ಎದುರಿನವರಿಗೆ ಕಾಣಬಹುದಾದ್ದರಿಂದ, ಮನೆಯವರೊಂದಿಗೆ ಮಾತ್ರ ಅದನ್ನು ಬಳಸಬೇಕು.

ಇನ್ನೊಂದು ಮಾತು ವಿಂಡೋಸ್ 10ರ ಬಗ್ಗೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ, ಅಂದರೆ ವಾಡಿಕೆಯಂತೆ ಬರುತ್ತಿದ್ದ ಸುರಕ್ಷತಾ ಪರಿಷ್ಕರಣೆ, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಿರಿಯರ ಮನೆಯಲ್ಲಿ ಇರುವುದು ಹೆಚ್ಚಾಗಿ ಹಳೆಯ ಯಂತ್ರಗಳೇ ಆದ್ದರಿಂದ, ದೂರದಿಂದ ಮೊದಲ ಸಲ ಒಳಗೆ ಹೋದಾಗ ಈ ವಿಷಯವನ್ನು ನೋಡಿಕೊಳ್ಳುವುದು ಲೇಸು.

ಕಲಬುರಗಿಯ ಬಿಸಿಲು ಮತ್ತು ಧೂಳಿಗೆ ಮಾತ್ರ ಯಾವ ತಂತ್ರಾಂಶವೂ ಮದ್ದಲ್ಲ. ಬೇಸಿಗೆಯಲ್ಲಿ ಸಿಪಿಯು ಪೆಟ್ಟಿಗೆಯ ಫ್ಯಾನ್ ಧೂಳು ಕಟ್ಟಿ ನಿಂತರೆ, ಅಥವಾ ಜೆಸ್ಕಾಂನ ಕರೆಂಟು ಹೋಗಿ ಬಂದ ಮೇಲೆ ಯಂತ್ರ ಚಾಲೂ ಆಗದಿದ್ದರೆ, ಮನೆಗೆ ಬಂದು ನೋಡುವ ಕೈ ಬೇಕೇ ಬೇಕು. ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಯೊಂದರ ಹುಡುಗನನ್ನು ನಾವು ಇದಕ್ಕಾಗಿ ಗೊತ್ತು ಮಾಡಿಕೊಂಡಿದ್ದೇವೆ. ಅವನು ಮನೆಗೆ ಬಂದಾಗ ನಾನು ವಿಡಿಯೋ ಕರೆಯಲ್ಲಿರುತ್ತೇನೆ, ತೆಗೆದ ಬಿಡಿಭಾಗವನ್ನು ಅವನು ಕಾಕಾರ ಕೈಗೇ ಕೊಟ್ಟು ಹೋಗುತ್ತಾನೆ, ಹಣವನ್ನು ನಾನೇ ಪುಣೆಯಿಂದ ಕಳುಹಿಸುತ್ತೇನೆ. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬರೆದಿಟ್ಟ ಡೈರಿಯನ್ನು ಮಾತ್ರ ಕಾಕು ಅಂದು ಕಂಪ್ಯೂಟರ್ ಮೇಜಿನಿಂದ ಎತ್ತಿ ಅಲಮಾರಿಯಲ್ಲಿ ಇಟ್ಟಿರುತ್ತಾರೆ.