ಅಳತೆ ಪರಿವರ್ತನೆ ಆ್ಯಪ್: ಎರಡು ವರ್ಷ ಬಳಸಿದ ಮೇಲೆ ಒಂದು ಅಡ್ಡಗೀಟಿನ ತಕರಾರು

ಬ್ರಾಸ್ (ಮರಳು, ಜಲ್ಲಿ ಅಳೆಯುವ ನೂರು ಘನ ಅಡಿ), ತೊಲೆ, ಕ್ವಿಂಟಲ್ ಎಲ್ಲ ಈ ಆ್ಯಪ್‌ನಲ್ಲಿ ಇವೆ, ಆ ಮಾತು ಬಿಡಿ. ಇದರ ಸುಖ ಇರುವುದು ಬದುವಿನ ಮೇಲೆ ನಿಂತು, ಒಂದು ಕೈಯಲ್ಲಿ ಟೇಪು ಹಿಡಿದು, ಇನ್ನೊಂದರ ಹೆಬ್ಬೆರಳಲ್ಲೇ ಲೆಕ್ಕ ಮುಗಿಸುವುದರಲ್ಲಿ. ತೆರೆದ ಕೂಡಲೇ ಅಂಕಿಗಳ ಕೀಲಿಮಣೆ ತಾನೇ ಬರುತ್ತದೆ. ನಿನ್ನೆ ಬಳಸಿದ ಗುಂಟೆ–ಚದರ ಅಡಿ ಜೋಡಿ ಹಾಗೇ ಕೂತಿರುತ್ತದೆ. 5 ಒತ್ತಿದರೆ 5,445. ಮುಗೀತು.

ಉತಾರ (ಜಮೀನಿನ ಪಹಣಿ) ಎದುರಿಗಿಟ್ಟುಕೊಂಡು ಕೂತರೆ ಮಾತ್ರ ತಲೆ ಕೆಡುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಉತಾರದಲ್ಲಿ ಕ್ಷೇತ್ರವನ್ನು 3-20-00 ಅನ್ನೋ ರೀತಿ ಬರೆದಿರುತ್ತಾರೆ: ಎಕರೆ, ಗುಂಟೆ (ಎಕರೆಗೆ 40), ಆಣೆ (ಗುಂಟೆಗೆ 16). ಮೊದಲು ಆ್ಯಪ್‌ನಲ್ಲೂ ಹಾಗೇ ಅಡ್ಡಗೀಟು (-) ಹಾಕಿ ಹೊಡೆಯಬಹುದಿತ್ತು. ಅಪ್‌ಡೇಟ್ ಆದಮೇಲೆ ಕೀಲಿಮಣೆಯಲ್ಲಿ ಅಂಕಿ ಮತ್ತು ಚುಕ್ಕೆ ಅಷ್ಟೇ. ಅಡ್ಡಗೀಟು ಸಿಗದೆ 3.20 ಅಂತ ಹೊಡೆದಿರೋ, ಕೆಟ್ಟಿರಿ. ಆ್ಯಪ್ ಅದನ್ನು 3.2 ಎಕರೆ, ಅಂದರೆ 3 ಎಕರೆ 8 ಗುಂಟೆ ಅಂತ ಓದುತ್ತದೆ. 1.416 ಹೆಕ್ಟೇರ್ ಬರಬೇಕಾದಲ್ಲಿ 1.295. ಹನ್ನೆರಡು ಗುಂಟೆ ಹೋಯಿತು! 3 ಎಕರೆ 5 ಗುಂಟೆಯನ್ನು 3.5 ಅಂತ ಹೊಡೆದರೆ ಉಲ್ಟಾ, ಹದಿನೈದು ಗುಂಟೆ ಹೆಚ್ಚು. ಎರಡಕ್ಕೂ ಒಂದು ಎಚ್ಚರಿಕೆ ಸಾಲು ಇಲ್ಲ.

ಸದ್ಯಕ್ಕೆ ದಾರಿ ಎಂದರೆ ಎಲ್ಲವನ್ನೂ ಗುಂಟೆಗೆ ಇಳಿಸುವುದು: 3×40+20, ಒಟ್ಟು 140. ಆ್ಯಪ್ ಬೇಡವೆಂದರೆ ಜೀಬೋರ್ಡ್ (ಗೂಗಲ್‌ನ ಕೀಲಿಮಣೆ) ಸೆಟ್ಟಿಂಗ್ಸ್‌ನ ಡಿಕ್ಷನರಿಗೆ ಹೋಗಿ, ಪರ್ಸನಲ್ ಡಿಕ್ಷನರಿಯಲ್ಲಿ ‘*101.17’ ಸೇರಿಸಿ, ಶಾರ್ಟ್‌ಕಟ್ ‘ಗು’ ಅಂತ ಕೊಡಿ. ಗೂಗಲ್ ಹುಡುಕಾಟದಲ್ಲಿ 140 ಹೊಡೆದು, ಜಾಗ ಬಿಟ್ಟು, ಗು ಬರೆದು ಕೀಲಿಮಣೆಯ ಮೇಲ್ಸಾಲಲ್ಲಿ ಬಂದ ಸಲಹೆ ಒತ್ತಿದರೆ ಚದರ ಮೀಟರ್ ಸಿಗುತ್ತದೆ. ಅಂಕಿ ಮಾತ್ರ ಹೊಡೆಯುವ ಪೆಟ್ಟಿಗೆಯಲ್ಲಿ ಈ ಉಪಾಯ ನಡೆಯದು, ಅಲ್ಲಿ ಸಲಹೆಗಳೇ ಬರುವುದಿಲ್ಲ.

ಅಡಿ-ಇಂಚಿಗೆ ಎರಡು ಪೆಟ್ಟಿಗೆ ಕೊಟ್ಟಿದ್ದಾರೆ, ಒಳ್ಳೇದು. 10 ಅಡಿ 6 ಇಂಚನ್ನು 10.6 ಅಂತ ಹೊಡೆಯುವ ತಪ್ಪು ಅಲ್ಲಿ ಆಗುವುದಿಲ್ಲ. ಆದರೆ ಇಂಚಿನ ಪೆಟ್ಟಿಗೆ ಕೀಲಿಮಣೆಯ ಹಿಂದೆ ಅಡಗಿರುತ್ತದೆ, ಪ್ರತಿ ಸಲ ಪರದೆ ಮೇಲಕ್ಕೆ ಸರಿಸಬೇಕು. ಅದೇ ಎರಡು ಪೆಟ್ಟಿಗೆ ಎಕರೆ-ಗುಂಟೆಗೆ ಯಾಕಿಲ್ಲವೋ! ಇನ್ನೊಂದು: ಬೇರೆ ಕಡೆಯಿಂದ 1,52,460 ಅಂತ ಕಾಪಿ ಮಾಡಿ ಅಂಟಿಸಿದರೆ ಅಲ್ಪವಿರಾಮ ನೋಡಿ ಬರೀ 1 ಉಳಿಸಿಕೊಳ್ಳುತ್ತದೆ.

ಪ್ಲಾಟು, ಕಟ್ಟಡದ ಕೆಲಸದವರು ದುಡ್ಡು ಕೊಟ್ಟು ಜಾಹೀರಾತು ತೆಗೆಸಿಕೊಂಡರೂ ನಷ್ಟವಿಲ್ಲ. ಉತಾರ ನೋಡಿ ಲೆಕ್ಕ ಹಾಕುವವರು ಅಡ್ಡಗೀಟು ವಾಪಸ್ ಬರುವವರೆಗೆ ಪುಕ್ಕಟೆಯದರಲ್ಲೇ ಇರಿ. ಐದಕ್ಕೆ ಮೂರು ಸ್ಟಾರ್.